ಕೆಮ್ಮು, ಸಿಗರೇಟು ಮತ್ತು ನಮ್ಮ ಸಂಕೋಚ



ಸ್ವೀಡನ್ನಿನ ಚಳಿಗಾಲ ಅಂದರೆ ಮನೆಮಂದಿಗೆಲ್ಲ ನೆಗಡಿ, ಕೆಮ್ಮು. ಮಕ್ಕಳು ದಾಗಿಸ್‌ನಿಂದ ತರುತ್ತಾರೆ, ನಾವು ಆಫೀಸಿಗೆ ಹಂಚುತ್ತೇವೆ! ಶುಂಠಿ ಕಷಾಯ, ಮೆಣಸಿನ ಸಾರು, ಒಂದೆರಡು ಅಲ್ವೆಡಾನ್ ಮಾತ್ರೆ, ಅಷ್ಟರಲ್ಲಿ ಸರಿಹೋಗುತ್ತದೆ. ಈ ಸಲ ನಾನು ಬರೆಯಹೊರಟಿರುವುದು ಹಾಗೆ ಸರಿಹೋಗದ ಕೆಮ್ಮಿನ ಬಗ್ಗೆ.

ಯಾರಿಗಾದರೂ ಶ್ವಾಸಕೋಶದ ಕ್ಯಾನ್ಸರ್ ಅಂತ ಗೊತ್ತಾದರೆ ನಮ್ಮ ಬಾಯಿಂದ ಬರುವ ಮೊದಲ ಪ್ರಶ್ನೆ, "ಸಿಗರೇಟ್ ಸೇದ್ತಿದ್ರಾ?" ಹೌದು ಎಂದರೆ "ಮತ್ತೆ, ಇನ್ನೇನಾಗುತ್ತೆ" ಎನ್ನುತ್ತೇವೆ. ಇಲ್ಲ ಎಂದರೆ "ಅಯ್ಯೋ ಪಾಪ" ಎನ್ನುತ್ತೇವೆ. ಹೃದಯಾಘಾತ ಆದವರನ್ನು ಎಷ್ಟು ಬೋಂಡ ತಿಂದಿರಿ ಎಂದು ನಾವು ಕೇಳುವುದಿಲ್ಲ, ಅಲ್ಲವೇ? ಈ ಒಂದು ಪ್ರಶ್ನೆಯ ಹಿಂದಿರುವ ನಂಬಿಕೆ ಎರಡು ಬಗೆಯ ಜನರಿಗೆ ತೊಂದರೆ ಕೊಡುತ್ತಿದೆ. ಸೇದದವರಿಗೆ ರೋಗದ ಅನುಮಾನವೇ ಬರುವುದಿಲ್ಲ. ಸೇದಿದವರು ನಾಚಿಕೆಯಿಂದ ಬಾಯಿ ಬಿಡುವುದಿಲ್ಲ. ಇಬ್ಬರಿಗೂ ರೋಗ ಗೊತ್ತಾಗುವುದು ತಡವಾಗಿ.

ಒಂದು ಮಾತು ಸ್ಪಷ್ಟವಾಗಿರಲಿ. ಈ ಕ್ಯಾನ್ಸರಿಗೆ ಎಲ್ಲಕ್ಕಿಂತ ದೊಡ್ಡ ಕಾರಣ ತಂಬಾಕಿನ ಹೊಗೆಯೇ. ಬ್ರಿಟನ್ನಿನ ರಿಚರ್ಡ್ ಡಾಲ್ ಮತ್ತು ಬ್ರಾಡ್‌ಫರ್ಡ್ ಹಿಲ್ 1950ರಲ್ಲೇ ಇದನ್ನು ಅಂಕಿಅಂಶಗಳ ಸಮೇತ ತೋರಿಸಿದರು. ಆದರೆ "ಸೇದದವರಿಗೆ ಇದು ಬರುವುದೇ ಇಲ್ಲ" ಎಂಬುದು ನಾವು ಸೇರಿಸಿಕೊಂಡ ಬಾಲಂಗೋಚಿ. ಮುಂಬಯಿಯ ಟಾಟಾ ಮೆಮೋರಿಯಲ್ ಆಸ್ಪತ್ರೆಯ ವೈದ್ಯರು 2012ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಅಲ್ಲಿಗೆ ಬಂದ ಶ್ವಾಸಕೋಶದ ಕ್ಯಾನ್ಸರ್ ರೋಗಿಗಳಲ್ಲಿ ಸುಮಾರು ಅರ್ಧದಷ್ಟು ಜನ ಧೂಮಪಾನ ಮಾಡದವರು!

ನನ್ನ ಸೋದರತ್ತೆಯೊಬ್ಬರು ತಿಪಟೂರಿನ ಕಡೆಯವರು. ಬೀಡಿ ಸಿಗರೇಟು ಮುಟ್ಟಿದವರಲ್ಲ. ಕೆಮ್ಮು ಶುರುವಾದಾಗ ಮೊದಲು ಅಲರ್ಜಿ ಅಂದರು, ಆಮೇಲೆ ಟಿಬಿ ಮಾತ್ರೆ ಕೊಟ್ಟರು. ತಿಂಗಳುಗಳು ಕಳೆದವು, ತೂಕ ಇಳಿಯಿತು. ಸಿ.ಟಿ. ಸ್ಕ್ಯಾನ್ ಮಾಡಿಸುವ ಹೊತ್ತಿಗೆ ಆಪರೇಷನ್ ಮಾಡುವ ಹಂತ ದಾಟಿತ್ತು. ನಮ್ಮ ದೇಶದಲ್ಲಿ ಟಿಬಿ ಬಹಳ ಸಾಮಾನ್ಯ, ಎಕ್ಸ್‌ರೇಯಲ್ಲಿ ಎರಡರ ಕಲೆಯೂ ಒಂದೇ ಥರ ಕಾಣಬಹುದು. ಹಾಗಾಗಿ ಇಂಥ ಗೊಂದಲ ಅನೇಕರ ವಿಷಯದಲ್ಲಿ ಆಗುತ್ತದೆ. ಆದರೆ ಕಫದಲ್ಲಿ ಟಿಬಿ ರೋಗಾಣು ಸಿಗದೆ, ಔಷಧಿಗೂ ಕೆಮ್ಮು ಬಗ್ಗದಿದ್ದಾಗ "ಬೇರೆ ಏನಾದರೂ ಇರಬಹುದೇ?" ಎಂದು ಯಾರಾದರೂ ಕೇಳಬೇಕಿತ್ತು. "ಆಯಮ್ಮ ಸಿಗರೇಟು ಸೇದೋರಲ್ಲವಲ್ಲ" ಎಂಬ ಸಮಾಧಾನ ಎಲ್ಲರ ಬಾಯಿ ಮುಚ್ಚಿಸಿತ್ತು.

ಹಾಗಾದರೆ ಸೇದದವರಿಗೆ ಹೇಗೆ ಬರುತ್ತದೆ? ಪಕ್ಕದವರ ಹೊಗೆ ಒಂದು ಕಾರಣ. ವಿಪರೀತ ಸಿಗರೇಟ್ ಸೇದುವ ಗಂಡಂದಿರ ಹೆಂಡತಿಯರಲ್ಲಿ ಈ ರೋಗ ಹೆಚ್ಚು ಎಂದು ಜಪಾನಿನ ಹಿರಾಯಾಮಾ 1981ರಲ್ಲಿ ತೋರಿಸಿದರು. ಹೊರಗಿನ ಗಾಳಿಯ ಮಾಲಿನ್ಯವನ್ನು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2013ರಲ್ಲಿ ಕ್ಯಾನ್ಸರ್‌ಕಾರಕಗಳ ಪಟ್ಟಿಗೆ ಸೇರಿಸಿತು. ಊರಿನ ಸೌದೆ ಒಲೆಯ ಹೊಗೆಯ ಮೇಲೂ ಅನುಮಾನವಿದೆ.

ಇನ್ನೊಂದು ಕಾರಣ ನಾವಿರುವ ಸ್ವೀಡನ್ನಿನದೇ: ರೇಡಾನ್. ನೆಲದೊಳಗಿನ ಯುರೇನಿಯಂನಿಂದ ಹುಟ್ಟುವ, ಬಣ್ಣ ವಾಸನೆ ಇಲ್ಲದ ಅನಿಲ ಇದು. ಬಂಡೆನೆಲದಿಂದ ಮನೆಯೊಳಕ್ಕೆ ಬರುತ್ತದೆ. 1929ರಿಂದ 1975ರವರೆಗೆ ತಯಾರಾಗುತ್ತಿದ್ದ "ಬ್ಲೋಬೆಟೋಂಗ್" ಎಂಬ ನೀಲಿ ಕಾಂಕ್ರೀಟಿನ ಗೋಡೆಗಳಿಂದಲೂ ಬರುತ್ತದೆ. ಮನೆಯ ರೇಡಾನ್‌ಗೂ ಶ್ವಾಸಕೋಶದ ಕ್ಯಾನ್ಸರಿಗೂ ಇರುವ ನಂಟನ್ನು ಕರೋಲಿನ್‌ಸ್ಕಾದ ಗೊರಾನ್ ಪರ್ಷಾಗೆನ್ ತಂಡ 1994ರಲ್ಲಿ ದೇಶದಾದ್ಯಂತ ನಡೆಸಿದ ಅಧ್ಯಯನದಿಂದ ತೋರಿಸಿತು. ಸ್ವೀಡನ್ನಿನಲ್ಲಿ ವರ್ಷಕ್ಕೆ ಸುಮಾರು 500 ಜನರಿಗೆ ರೇಡಾನ್‌ನಿಂದ ಈ ಕ್ಯಾನ್ಸರ್ ಬರುತ್ತದೆ ಎಂಬ ಅಂದಾಜಿದೆ. ಅವರಲ್ಲಿ ಹೆಚ್ಚಿನವರು ಧೂಮಪಾನಿಗಳು, ಎರಡೂ ಸೇರಿದರೆ ಅಪಾಯ ಬಹಳ ಹೆಚ್ಚು.

ಇನ್ನು ಸೇದುವವರ ಪಾಡು. 2004ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬಂದ ಒಂದು ಅಧ್ಯಯನದಲ್ಲಿ ಈ ರೋಗಿಗಳು, ಸೇದಿದವರೂ ಸೇದದವರೂ, ಜನ ತಮ್ಮನ್ನೇ ದೂರುತ್ತಾರೆ ಎಂದು ನೊಂದು ಹೇಳಿಕೊಂಡಿದ್ದರು. ಕೆಲವರು ರೋಗವನ್ನೇ ಮುಚ್ಚಿಟ್ಟಿದ್ದರು. ಇದು ಸಿಗರೇಟ್ ಎಲ್ಲರೂ ಸೇದುತ್ತಿದ್ದ ಕಾಲವೂ ಅಲ್ಲ. ಸ್ವೀಡನ್ನಿನಲ್ಲಿ ಈಗ ದಿನವೂ ಸೇದುವವರು ನೂರಕ್ಕೆ ಐದಾರು ಜನ. ಸೇದುವವರು ಕಡಿಮೆಯಾದಷ್ಟೂ ಅವರ ಮೇಲೆ ಬೀಳುವ ಕಣ್ಣುಗಳು ಹೆಚ್ಚು!

ನಮ್ಮವರಲ್ಲಿ ಇದಕ್ಕೆ ಇನ್ನೊಂದು ಪದರ ಉಂಟು. ಎಷ್ಟೋ ಜನರ ಸಿಗರೇಟು ಮನೆಯವರಿಗೆ ಗೊತ್ತಿರುವುದಿಲ್ಲ. ಊರಿಂದ ಬಂದ ಅಪ್ಪನನ್ನು ಡಾಕ್ಟರ ಹತ್ತಿರ ಕರೆದೊಯ್ದಾಗ ಮಗನೋ ಸೊಸೆಯೋ ಪಕ್ಕದಲ್ಲಿ ಕೂತು ಅನುವಾದ ಮಾಡುತ್ತಾರೆ. "ಸಿಗರೇಟ್ ಸೇದ್ತೀರಾ?" ಎಂದು ಸೊಸೆಯ ಬಾಯಿಂದ ಕೇಳಿದರೆ ಯಾವ ಮಾವನವರು ಹೌದು ಅಂದಾರು? ಅಂಥ ಸಂದರ್ಭದಲ್ಲಿ ಐದು ನಿಮಿಷ ಹೊರಗೆ ಬನ್ನಿ, ಇಲ್ಲವೇ ತೋಲ್ಕ್ ಬೇಕೆಂದು ಮೊದಲೇ ಹೇಳಿಡಿ.

ಡಾಕ್ಟರು ಈ ಪ್ರಶ್ನೆ ಕೇಳುವುದು ಲೆಕ್ಕಕ್ಕೆ, ಛೀಮಾರಿಗಲ್ಲ. ದಿನಕ್ಕೆ ಎಷ್ಟು, ಎಷ್ಟು ವರ್ಷ, ಬಿಟ್ಟು ಎಷ್ಟು ಕಾಲವಾಯಿತು ಎಂಬುದರ ಮೇಲೆ ಯಾವ ಪರೀಕ್ಷೆ ಬೇಕೆಂದು ತೀರ್ಮಾನವಾಗುತ್ತದೆ. ಹೆಚ್ಚು ಸೇದಿದವರಿಗೆ ಕಡಿಮೆ ವಿಕಿರಣದ ಸಿ.ಟಿ. ಸ್ಕ್ಯಾನ್ ಮಾಡಿದರೆ, ಎಕ್ಸ್‌ರೇ ಮಾಡಿಸಿಕೊಂಡವರಿಗಿಂತ ಈ ಕ್ಯಾನ್ಸರಿನ ಸಾವು ನೂರಕ್ಕೆ 20ರಷ್ಟು ಕಡಿಮೆ ಎಂದು 2011ರಲ್ಲಿ ಅಮೆರಿಕದ ದೊಡ್ಡ ಪ್ರಯೋಗ ತೋರಿಸಿತು. ಸುಳ್ಳು ಹೇಳಿದರೆ ಆ ಅವಕಾಶ ತಪ್ಪುತ್ತದೆ. ಸೇದದವರಿಗೂ ಬಾಗಿಲು ತೆರೆಯುತ್ತಿದೆ. ತೈವಾನ್ 2022ರಲ್ಲಿ ಆರಂಭಿಸಿದ ತಪಾಸಣಾ ಯೋಜನೆಯಲ್ಲಿ, ಮನೆತನದಲ್ಲಿ ಈ ರೋಗವಿದ್ದವರನ್ನೂ ಸೇರಿಸಿಕೊಂಡಿತು.

ಬೇಗ ತೋರಿಸಬೇಕು ಏಕೆ? ಶ್ವಾಸಕೋಶದ ಒಳಭಾಗಕ್ಕೆ ನೋವು ತಿಳಿಯುವುದಿಲ್ಲ. ಗಡ್ಡೆ ಸದ್ದಿಲ್ಲದೆ ಬೆಳೆಯುತ್ತದೆ. ಚಿಕ್ಕದಿದ್ದಾಗ ಸಿಕ್ಕಿದರೆ ಆಪರೇಷನ್ನಿನಿಂದ ಗುಣವಾಗುವ ಸಾಧ್ಯತೆ ಚೆನ್ನಾಗಿದೆ. ತಡವಾಗಿ ಸಿಕ್ಕಿತೆಂದು ಕೈಚೆಲ್ಲಬೇಕಾಗಿಯೂ ಇಲ್ಲ. ಗಡ್ಡೆಯ ಜೀನ್ ಪರೀಕ್ಷಿಸಿ ಕೊಡುವ ಮಾತ್ರೆಗಳು ಈಗ ಅನೇಕರ ಆಯುಷ್ಯ ಹೆಚ್ಚಿಸಿವೆ. ಇವು ಹೆಚ್ಚಾಗಿ ಹೊಂದುವುದು ಸಿಗರೇಟ್ ಸೇದದ ಏಷ್ಯಾದವರಿಗೇ!

ನಾವು ಮಾಡಬಹುದಾದದ್ದು ಇಷ್ಟು:

* ಮೂರು ವಾರ ದಾಟಿದ ಕೆಮ್ಮು, ಏದುಸಿರು, ಎದೆ ಅಥವಾ ಭುಜದ ನೋವು, ಕಾರಣವಿಲ್ಲದೆ ಇಳಿಯುವ ತೂಕ ಇದ್ದರೆ 1177ಕ್ಕೆ ಫೋನ್ ಮಾಡಿ ಅಥವಾ ನಿಮ್ಮ ವೋರ್ಡ್‌ಸೆಂಟ್ರಾಲ್‌ಗೆ ಹೋಗಿ. ಕಫದಲ್ಲಿ ರಕ್ತ ಕಂಡರೆ ಕಾಯಲೇಬೇಡಿ.
* ಎಕ್ಸ್‌ರೇ ಸರಿಯಿದೆ ಎಂದರೂ ಕೆಮ್ಮು ನಿಲ್ಲದಿದ್ದರೆ ಮತ್ತೆ ಹೋಗಿ. ಎಷ್ಟು ವಾರದಿಂದ ಕೆಮ್ಮು ಎಂದು ಬರೆದುಕೊಂಡು ಹೋಗಿ. ಬಲವಾದ ಅನುಮಾನ ಬಂದರೆ ಬೇಗ ಬೇಗ ಪರೀಕ್ಷೆ ನಡೆಸುವ ವ್ಯವಸ್ಥೆ ಸ್ವೀಡನ್ನಿನಲ್ಲಿ 2015ರಿಂದ ಜಾರಿಗೆ ಬಂದಿದೆ.
* ಮನೆಯ ರೇಡಾನ್ ಅಳತೆ ಮಾಡಿಸಿ. ಅಕ್ಟೋಬರಿನಿಂದ ಏಪ್ರಿಲ್ ಒಳಗೆ, ಕನಿಷ್ಠ ಎರಡು ತಿಂಗಳು ಡಬ್ಬಿ ಇಡಬೇಕು. 200 ಬೆಕ್ವೆರೆಲ್ ಮೀರಿದ್ದರೆ ಸರಿಪಡಿಸಬೇಕು. ಫ್ಲ್ಯಾಟ್‌ನವರು ಹೌಸಿಂಗ್ ಸೊಸೈಟಿಯನ್ನೋ ಮನೆ ಮಾಲೀಕರನ್ನೋ ಕೇಳಿ.
* ಊರಿಂದ ಬರುವ ಹಿರಿಯರಿಗೆ ವಿಮೆ ಮಾಡಿಸಿ. "ಊರಿಗೆ ಹೋದ ಮೇಲೆ ತೋರಿಸಿದರಾಯಿತು" ಎಂದು ಮುಂದೂಡಬೇಡಿ.
* ಸೇದುವವರು ಬಿಟ್ಟರೆ ಯಾವ ವಯಸ್ಸಿನಲ್ಲೂ ಲಾಭವಿದೆ.

ಕೊನೆಯದಾಗಿ, ನಮ್ಮ ನಡುವೆ ಯಾರಿಗಾದರೂ ಈ ರೋಗ ಬಂದಿದೆ ಎಂದು ತಿಳಿದಾಗ ಸಿಗರೇಟಿನ ಪ್ರಶ್ನೆಯನ್ನು ಡಾಕ್ಟರಿಗೇ ಬಿಡೋಣ. ನಾವು ಕೇಳಬೇಕಾದದ್ದು, "ಆಸ್ಪತ್ರೆಗೆ ಜೊತೆಗೆ ಬರಲಾ? ರಾತ್ರಿಗೆ ಅನ್ನ, ತಿಳಿಸಾರು ಕಳಿಸಲಾ?"

ಎಲ್ಲರೂ ಆರೋಗ್ಯವಾಗಿರಿ.