ವಿಮಾನ ನಿಲ್ದಾಣ ಯೋಜನೆ ಮತ್ತು ನಿರ್ವಹಣಾ ತರಬೇತಿ

ವಿಮಾನ ನಿಲ್ದಾಣ ಯೋಜನೆ ಮತ್ತು ನಿರ್ವಹಣಾ ತರಬೇತಿಯು ವಿಮಾನ ನಿಲ್ದಾಣಗಳ ಸ್ಥಳ ಆಯ್ಕೆ, ವಿನ್ಯಾಸ, ನಿರ್ಮಾಣ ಹಾಗೂ ದೈನಂದಿನ ಕಾರ್ಯಾಚರಣೆಗೆ ಅಗತ್ಯವಾದ ಜ್ಞಾನ ಮತ್ತು ಕೌಶಲಗಳನ್ನು ನೀಡುವ ವೃತ್ತಿಶಿಕ್ಷಣವಾಗಿದೆ. ಇದು ವಿಮಾನ ಚಾಲಕರ ತರಬೇತಿಗಿಂತ ಭಿನ್ನವಾದುದು. ಸಿವಿಲ್ ಎಂಜಿನಿಯರ್‌ಗಳು, ವಾಯು ಸಂಚಾರ ನಿಯಂತ್ರಕರು, ಅಗ್ನಿಶಾಮಕ ಸಿಬ್ಬಂದಿ, ಭದ್ರತಾ ತಪಾಸಕರು ಮತ್ತು ನಿಲ್ದಾಣದ ವ್ಯವಸ್ಥಾಪಕರು ಇದರ ವ್ಯಾಪ್ತಿಗೆ ಬರುತ್ತಾರೆ. 2023ರಲ್ಲಿ ಶಿವಮೊಗ್ಗದಲ್ಲಿ ವಿಮಾನ ನಿಲ್ದಾಣ ಆರಂಭವಾದ ಬಳಿಕ ನೆರೆಯ ದಾವಣಗೆರೆ ಜಿಲ್ಲೆಯ ಚನ್ನಗಿರಿ, ಹೊನ್ನಾಳಿ, ನ್ಯಾಮತಿ ಮತ್ತು ಜಗಳೂರು ತಾಲ್ಲೂಕುಗಳ ವಿದ್ಯಾರ್ಥಿಗಳಿಗೂ ಈ ಕ್ಷೇತ್ರ ಸಮೀಪದ್ದಾಗಿದೆ.

ಹಿನ್ನೆಲೆ

1944ರ ಶಿಕಾಗೊ ಒಪ್ಪಂದದ ಆಧಾರದ ಮೇಲೆ ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆ ಸ್ಥಾಪನೆಯಾಯಿತು. ವಿಮಾನ ನಿಲ್ದಾಣಗಳ ವಿನ್ಯಾಸ ಮತ್ತು ಕಾರ್ಯಾಚರಣೆಯ ಮಾನದಂಡಗಳು ಈ ಒಪ್ಪಂದದ 14ನೆಯ ಅನುಬಂಧದಲ್ಲಿವೆ. ಈ ಅನುಬಂಧವನ್ನು 1951ರಲ್ಲಿ ಮೊದಲು ಅಂಗೀಕರಿಸಲಾಯಿತು. ಭಾರತದಲ್ಲಿ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯವು ನಿಲ್ದಾಣಗಳಿಗೆ ಪರವಾನಗಿ ನೀಡುತ್ತದೆ. ಪರವಾನಗಿಗೆ ರನ್‌ವೇ ಮತ್ತು ಉಪಕರಣಗಳಷ್ಟೇ ಸಾಲವು. ತರಬೇತಿ ಪಡೆದ ಸಿಬ್ಬಂದಿಯೂ ಇರಬೇಕು. ದೇಶದ ಬಹುಪಾಲು ನಿಲ್ದಾಣಗಳನ್ನು ನಿರ್ವಹಿಸುವ ಭಾರತೀಯ ವಿಮಾನ ನಿಲ್ದಾಣಗಳ ಪ್ರಾಧಿಕಾರವು 1995ರ ಏಪ್ರಿಲ್ 1ರಂದು ಅಸ್ತಿತ್ವಕ್ಕೆ ಬಂದಿತು.

ಯೋಜನಾ ತರಬೇತಿ

ಯೋಜನೆಯ ಮೂಲಪಾಠಗಳು ಸಿವಿಲ್ ಎಂಜಿನಿಯರಿಂಗ್ ಪದವಿಯಲ್ಲಿಯೇ ಆರಂಭವಾಗುತ್ತವೆ. ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ಪಠ್ಯಕ್ರಮದಲ್ಲಿ ರೈಲ್ವೆ, ಬಂದರು, ಸುರಂಗ ಮತ್ತು ವಿಮಾನ ನಿಲ್ದಾಣಗಳನ್ನು ಒಟ್ಟಾಗಿ ಬೋಧಿಸುವ ವಿಷಯವೊಂದು ಇದ್ದಿತು. ಇಂತಹ ಪಾಠಗಳಲ್ಲಿ ಎರಡು ಅಂಶಗಳು ಮುಖ್ಯವಾದವು.

ಮೊದಲನೆಯದು ರನ್‌ವೇಯ ದಿಕ್ಕು. ವಿಮಾನವು ಎದುರುಗಾಳಿಯಲ್ಲಿ ಏರುವುದೂ ಇಳಿಯುವುದೂ ಅನುಕೂಲಕರವಾದ್ದರಿಂದ, ಹಲವು ವರ್ಷಗಳ ಗಾಳಿಯ ದಿಕ್ಕು ಮತ್ತು ವೇಗದ ದಾಖಲೆಯಿಂದ ‘ವಿಂಡ್ ರೋಸ್’ ಎಂಬ ನಕ್ಷೆಯನ್ನು ರಚಿಸಲಾಗುತ್ತದೆ. ಅಡ್ಡಗಾಳಿಯ ಕಾರಣದಿಂದ ನಿಲ್ದಾಣವು ಬಳಕೆಗೆ ದೊರೆಯದಿರುವ ಕಾಲವು ಶೇ. 5ನ್ನು ಮೀರದಂತೆ ರನ್‌ವೇಯ ದಿಕ್ಕನ್ನು ನಿರ್ಧರಿಸಬೇಕು.

ಎರಡನೆಯದು ರನ್‌ವೇಯ ಉದ್ದ. ಎತ್ತರದ ಪ್ರದೇಶಗಳಲ್ಲಿ ಗಾಳಿ ತೆಳುವಾಗಿರುವುದರಿಂದ ವಿಮಾನಕ್ಕೆ ಹೆಚ್ಚು ಓಟ ಬೇಕಾಗುತ್ತದೆ. ಸಮುದ್ರಮಟ್ಟದಿಂದ ಪ್ರತಿ 300 ಮೀಟರ್ ಎತ್ತರಕ್ಕೆ ಮೂಲ ಉದ್ದವನ್ನು ಶೇ. 7ರಷ್ಟು ಹೆಚ್ಚಿಸುವುದು ರೂಢಿ. ಉದಾಹರಣೆಗೆ, ಬೆಂಗಳೂರಿನ ಕೆಂಪೇಗೌಡ ಅಂತರರಾಷ್ಟ್ರೀಯ ವಿಮಾನ ನಿಲ್ದಾಣವು ಸುಮಾರು 915 ಮೀಟರ್ ಎತ್ತರದಲ್ಲಿದೆ. ಸಮುದ್ರಮಟ್ಟದಲ್ಲಿ 2,000 ಮೀಟರ್ ರನ್‌ವೇ ಸಾಕಾಗುವ ವಿಮಾನಕ್ಕೆ ಅಲ್ಲಿ ಎತ್ತರದ ಕಾರಣದಿಂದಲೇ ಸುಮಾರು 2,430 ಮೀಟರ್ ಬೇಕಾಗುತ್ತದೆ. ತಾಪಮಾನ ಮತ್ತು ಇಳಿಜಾರಿನ ತಿದ್ದುಪಡಿಗಳನ್ನು ಆಮೇಲೆ ಸೇರಿಸಲಾಗುತ್ತದೆ.

ಕಾರ್ಯಾಚರಣಾ ತರಬೇತಿ

ಕಾರ್ಯಾಚರಣೆಯ ಪ್ರತಿಯೊಂದು ವಿಭಾಗಕ್ಕೂ ಪ್ರತ್ಯೇಕ ತರಬೇತಿಯಿದೆ.

ವಾಯು ಸಂಚಾರ ನಿಯಂತ್ರಣ: ನಿಯಂತ್ರಕರು ತರಗತಿ ಪಾಠ ಮತ್ತು ಸಿಮ್ಯುಲೇಟರ್ ಅಭ್ಯಾಸವನ್ನು ಮುಗಿಸಿ, ನಿಯೋಜಿತ ನಿಲ್ದಾಣದಲ್ಲಿ ಹಿರಿಯರ ಮೇಲ್ವಿಚಾರಣೆಯಲ್ಲಿ ಕೆಲಸ ಮಾಡಿ ಅರ್ಹತೆ ಗಳಿಸಬೇಕು. ಒಂದು ನಿಲ್ದಾಣದಲ್ಲಿ ಪಡೆದ ಅರ್ಹತೆಯು ಮತ್ತೊಂದು ನಿಲ್ದಾಣಕ್ಕೆ ತಾನಾಗಿ ಅನ್ವಯಿಸುವುದಿಲ್ಲ.

ಅಗ್ನಿಶಾಮಕ ಮತ್ತು ರಕ್ಷಣೆ: ಬಳಕೆಯಲ್ಲಿರುವ ರನ್‌ವೇಯ ಯಾವುದೇ ಭಾಗವನ್ನು 3 ನಿಮಿಷಗಳೊಳಗೆ ತಲುಪುವುದು ಅಂತರರಾಷ್ಟ್ರೀಯ ಮಾನದಂಡವಾಗಿದೆ. ನಿಲ್ದಾಣಕ್ಕೆ ಬರುವ ವಿಮಾನಗಳ ಉದ್ದ ಮತ್ತು ಅಗಲಕ್ಕೆ ತಕ್ಕಂತೆ ಅಗ್ನಿಶಾಮಕ ವ್ಯವಸ್ಥೆಯನ್ನು 1ರಿಂದ 10ರವರೆಗಿನ ಶ್ರೇಣಿಗಳಾಗಿ ವಿಂಗಡಿಸಲಾಗಿದೆ. ಪೂರ್ಣ ಪ್ರಮಾಣದ ತುರ್ತು ಅಣಕು ಕಾರ್ಯಾಚರಣೆಯನ್ನು ಕನಿಷ್ಠ 2 ವರ್ಷಗಳಿಗೊಮ್ಮೆ ನಡೆಸಬೇಕು. ಇದರಲ್ಲಿ ಸ್ಥಳೀಯ ಆಸ್ಪತ್ರೆ, ಪೊಲೀಸ್ ಮತ್ತು ಜಿಲ್ಲಾಡಳಿತಗಳೂ ಪಾಲ್ಗೊಳ್ಳುತ್ತವೆ.

ಭದ್ರತೆ: ಎಕ್ಸ್-ರೇ ಯಂತ್ರದ ಮುಂದೆ ಕುಳಿತು ಸಾಮಾನು ಪರಿಶೀಲಿಸುವವರು ನಾಗರಿಕ ವಿಮಾನಯಾನ ಭದ್ರತಾ ಬ್ಯೂರೊ ನಿಗದಿಪಡಿಸಿದ ಪರೀಕ್ಷೆಯಲ್ಲಿ ಉತ್ತೀರ್ಣರಾಗಿರಬೇಕು.

ಏಪ್ರನ್ ನಿರ್ವಹಣೆ: ವಿಮಾನಗಳು ನಿಲ್ಲುವ ಪ್ರದೇಶದಲ್ಲಿ ವಾಹನ ಓಡಿಸಲು ಸಾಮಾನ್ಯ ಚಾಲನಾ ಪರವಾನಗಿಯೊಂದಿಗೆ ನಿಲ್ದಾಣದ ವಿಶೇಷ ಅನುಮತಿಯೂ ಬೇಕು.

ಮಂಗಳೂರು ವಿಮಾನ ದುರಂತ

2010ರ ಮೇ 22ರಂದು ದುಬೈನಿಂದ ಬಂದ ಏರ್ ಇಂಡಿಯಾ ಎಕ್ಸ್‌ಪ್ರೆಸ್ ವಿಮಾನವು ಮಂಗಳೂರಿನ ಬಜ್ಪೆಯ ಗುಡ್ಡದ ಮೇಲಿನ ರನ್‌ವೇಯನ್ನು ದಾಟಿ ಕಮರಿಗೆ ಉರುಳಿತು. 158 ಜನರು ಮೃತಪಟ್ಟು, 8 ಜನರು ಬದುಕುಳಿದರು. ಅಸ್ಥಿರವಾಗಿದ್ದ ಇಳಿಯುವಿಕೆಯನ್ನು ಕ್ಯಾಪ್ಟನ್ ಕೈಬಿಡದಿದ್ದುದೇ ಅಪಘಾತದ ನೇರ ಕಾರಣವೆಂದು ವಿಚಾರಣಾ ವರದಿ ತಿಳಿಸಿತು. ಆದರೆ ಅದೇ ವರದಿಯಲ್ಲಿ ನಿಲ್ದಾಣ ಯೋಜಕರಿಗೂ ಪಾಠವಿತ್ತು: ರನ್‌ವೇಯ ಆಚೆ ಆಂಟೆನಾ ಹೊತ್ತಿದ್ದ ಕಾಂಕ್ರೀಟ್ ರಚನೆಗೆ ವಿಮಾನದ ರೆಕ್ಕೆ ಬಡಿದಿತ್ತು. ರನ್‌ವೇಯ ಸುತ್ತಲಿನ ರಚನೆಗಳು ತಾಗಿದೊಡನೆ ಮುರಿದುಬೀಳುವಂತಿರಬೇಕು ಎಂಬ ನಿಯಮದ ಉದ್ದೇಶವನ್ನು ಈ ಘಟನೆಯು ಸ್ಪಷ್ಟಪಡಿಸುತ್ತದೆ.

ಪ್ರಮುಖ ಸಂಸ್ಥೆಗಳು

ಪ್ರಯಾಗರಾಜ್‌ನಲ್ಲಿ 1948ರಲ್ಲಿ ಸ್ಥಾಪನೆಯಾದ ನಾಗರಿಕ ವಿಮಾನಯಾನ ತರಬೇತಿ ಕಾಲೇಜು ವಾಯು ಸಂಚಾರ ನಿಯಂತ್ರಕರ ಮುಖ್ಯ ತರಬೇತಿ ಕೇಂದ್ರವಾಗಿದೆ. ಹೈದರಾಬಾದ್ ಮತ್ತು ಗೊಂದಿಯಾಗಳಲ್ಲಿಯೂ ಪ್ರಾಧಿಕಾರದ ಕೇಂದ್ರಗಳಿವೆ. ಉತ್ತರ ಪ್ರದೇಶದ ಅಮೇಠಿ ಜಿಲ್ಲೆಯ ಫುರ್ಸತ್‌ಗಂಜ್‌ನಲ್ಲಿರುವ ರಾಜೀವ್ ಗಾಂಧಿ ರಾಷ್ಟ್ರೀಯ ವಿಮಾನಯಾನ ವಿಶ್ವವಿದ್ಯಾಲಯವನ್ನು 2013ರ ಕಾಯ್ದೆಯ ಮೂಲಕ ಸ್ಥಾಪಿಸಲಾಯಿತು. ಬೆಂಗಳೂರಿನ ಜಕ್ಕೂರಿನ ಸರ್ಕಾರಿ ವೈಮಾನಿಕ ತರಬೇತಿ ಶಾಲೆಯು ವಿಮಾನ ಚಾಲಕರಿಗಾಗಿ ಇರುವ ಸಂಸ್ಥೆಯಾಗಿದೆ.

ಶಿವಮೊಗ್ಗ ನಿಲ್ದಾಣ ಮತ್ತು ನೆರೆಯ ತಾಲ್ಲೂಕುಗಳು

1997ರ ಆಗಸ್ಟ್ 15ರಂದು ದಾವಣಗೆರೆ ಜಿಲ್ಲೆ ರಚನೆಯಾಗುವವರೆಗೆ ಚನ್ನಗಿರಿ ಮತ್ತು ಹೊನ್ನಾಳಿ ತಾಲ್ಲೂಕುಗಳು ಶಿವಮೊಗ್ಗ ಜಿಲ್ಲೆಯಲ್ಲಿಯೂ ಜಗಳೂರು ತಾಲ್ಲೂಕು ಚಿತ್ರದುರ್ಗ ಜಿಲ್ಲೆಯಲ್ಲಿಯೂ ಇದ್ದವು. ನ್ಯಾಮತಿ ತಾಲ್ಲೂಕು ಅನಂತರ ಹೊನ್ನಾಳಿಯಿಂದ ಬೇರ್ಪಟ್ಟಿತು. ಶಿವಮೊಗ್ಗ ಸಮೀಪದ ಸೋಗಾನೆಯಲ್ಲಿರುವ ರಾಷ್ಟ್ರಕವಿ ಕುವೆಂಪು ವಿಮಾನ ನಿಲ್ದಾಣವು 2023ರ ಫೆಬ್ರವರಿ 27ರಂದು ಉದ್ಘಾಟನೆಗೊಂಡಿತು. ಅದೇ ವರ್ಷದ ಆಗಸ್ಟ್ 31ರಂದು ಬೆಂಗಳೂರಿನಿಂದ ಮೊದಲ ವಾಣಿಜ್ಯ ವಿಮಾನ ಬಂದಿತು. ಇದನ್ನು ರಾಜ್ಯ ಸರ್ಕಾರದ ಕೈಗಾರಿಕೆ ಮತ್ತು ಮೂಲಸೌಕರ್ಯ ಅಭಿವೃದ್ಧಿ ನಿಗಮವು ನಿರ್ವಹಿಸುತ್ತಿದೆ. ರನ್‌ವೇಯ ಉದ್ದ 3,050 ಮೀಟರ್. ಗಡಿಗೆ ಹೊಂದಿಕೊಂಡ ಚನ್ನಗಿರಿ, ಹೊನ್ನಾಳಿ ಮತ್ತು ನ್ಯಾಮತಿಗಳಿಗೆ ಈ ನಿಲ್ದಾಣ ಹತ್ತಿರ. ಜಿಲ್ಲೆಯ ಈಶಾನ್ಯದಲ್ಲಿರುವ ಜಗಳೂರಿಗೆ ಅಷ್ಟು ಹತ್ತಿರವಲ್ಲ.

ಅರ್ಹತೆ ಮತ್ತು ನೇಮಕಾತಿ

ನಿಲ್ದಾಣ ಸಮೀಪದಲ್ಲಿದ್ದರೂ ತಾಂತ್ರಿಕ ಹುದ್ದೆಗಳಿಗೆ ನಿಗದಿತ ವಿದ್ಯಾರ್ಹತೆ ಕಡ್ಡಾಯ. ಪ್ರಾಧಿಕಾರದ ವಾಯು ಸಂಚಾರ ನಿಯಂತ್ರಣ ವಿಭಾಗದ ಕಿರಿಯ ಕಾರ್ಯನಿರ್ವಾಹಕ ಹುದ್ದೆಗೆ ಭೌತವಿಜ್ಞಾನ ಮತ್ತು ಗಣಿತ ಓದಿದ ವಿಜ್ಞಾನ ಪದವಿ ಅಥವಾ ಈ ವಿಷಯಗಳನ್ನು ಒಳಗೊಂಡ ಎಂಜಿನಿಯರಿಂಗ್ ಪದವಿ ಅಗತ್ಯ. ಆದ್ದರಿಂದ ಪಿಯುಸಿ ಹಂತದಲ್ಲಿ ಮಾಡುವ ವಿಷಯಗಳ ಆಯ್ಕೆಯೇ ಮುಂದಿನ ಅವಕಾಶವನ್ನು ಬಹುಮಟ್ಟಿಗೆ ನಿರ್ಧರಿಸುತ್ತದೆ. ಅಗ್ನಿಶಾಮಕ ಸೇವೆಯ ಕಿರಿಯ ಸಹಾಯಕ ಹುದ್ದೆಗೆ ಸಂಬಂಧಿತ ಡಿಪ್ಲೊಮಾ ಅಥವಾ ಪಿಯುಸಿಯೊಂದಿಗೆ ಚಾಲನಾ ಪರವಾನಗಿ ಮತ್ತು ದೈಹಿಕ ಸಾಮರ್ಥ್ಯವನ್ನು ಪರಿಗಣಿಸಲಾಗುತ್ತದೆ. ಆಯ್ಕೆಯಾದವರಿಗೆ ಪ್ರಾಧಿಕಾರವೇ ತರಬೇತಿ ನೀಡುತ್ತದೆ.

ಖಾಸಗಿ ಸಂಸ್ಥೆಗಳು ನೀಡುವ ಅಲ್ಪಾವಧಿಯ ‘ಗ್ರೌಂಡ್ ಸ್ಟಾಫ್’ ಪ್ರಮಾಣಪತ್ರಗಳು ಪ್ರಯಾಣಿಕ ಸೇವೆಯ ಕೆಲಸಗಳಿಗೆ ಪೂರ್ವಸಿದ್ಧತೆ ಆಗಬಲ್ಲವು. ಆದರೆ ಅವು ಮೇಲ್ಕಂಡ ವಿದ್ಯಾರ್ಹತೆಗಳಿಗಾಗಲಿ ಶಾಸನಬದ್ಧ ಪರವಾನಗಿಗಳಿಗಾಗಲಿ ಸಮಾನವಲ್ಲ.