ಕಾಯುವಾತನನ್ನು ನೆಚ್ಚಿದ ಕುರಿ

ಕ್ರೈಸ್ತರ ಧರ್ಮಗ್ರಂಥವಾದ ಬೈಬಲ್‌ನಲ್ಲಿ ‘ಕೀರ್ತನೆಗಳು’ ಎಂಬ ಭಾಗವೊಂದುಂಟು. ಒಟ್ಟು 150 ಹಾಡುಗಳು. ಅವುಗಳಲ್ಲಿ 23ನೆಯದು ಆರೇ ನುಡಿಗಳ ಚಿಕ್ಕ ಹಾಡು. ದೇವರು ಕುರುಬ, ನಾನು ಆತನ ಕುರಿ ಎಂದು ಭಾವಿಸಿ ಭಕ್ತನೊಬ್ಬ ಹಾಡಿದ್ದು. ಯಾರು ಆ ಭಕ್ತ? ದಾವೀದನೆಂಬ ಅರಸ ಎಂದು ಪರಂಪರೆ ಹೇಳುತ್ತದೆ. ಅರಸನಾಗುವ ಮೊದಲು ಆತ ಬೇತ್ಲೆಹೇಮಿನಲ್ಲಿ ತಂದೆಯ ಕುರಿ ಕಾಯುತ್ತಿದ್ದ ಹುಡುಗ. ಕುರಿಮರಿಯನ್ನು ಕಚ್ಚಿಕೊಂಡು ಹೋದ ಸಿಂಹವನ್ನು, ಕರಡಿಯನ್ನು ಬೆನ್ನಟ್ಟಿ ಅದರ ಬಾಯಿಂದ ಬಿಡಿಸಿ ತಂದವನು. ಓದಿ ತಿಳಿದು ಕೊಟ್ಟ ಹೋಲಿಕೆಯಲ್ಲ ಇದು, ಹಟ್ಟಿಯಲ್ಲಿ ಮಲಗಿ ಕಂಡದ್ದು.

ಆ ನಾಡು ಗುಡ್ಡಗಾಡು. ಮಳೆ ಬೀಳುವುದು ಚಳಿಗಾಲದಲ್ಲಿ. ಆಗ ಚಿಗುರಿದ ಹುಲ್ಲು ಬೇಸಗೆ ಬರುತ್ತಲೇ ಒಣಗಿಹೋಗುತ್ತದೆ. ಮೇವು ನೀರು ಹುಡುಕಿಕೊಂಡು ಹೋಗಬೇಕಾದರೆ ಕಡಿದಾದ ಕಣಿವೆಗಳನ್ನು ಹಾಯ್ದೇ ಹೋಗಬೇಕು. ಕೆಲವೆಡೆ ತಳಕ್ಕೆ ಬಿಸಿಲು ಸಹ ತಾಕುವುದಿಲ್ಲ. ಅಲ್ಲಿ ಕುರುಬ ಮುಂದೆ ನಡೆಯುತ್ತಾನೆ, ಆತನ ದನಿ ಹಿಡಿದು ಮಂದೆ ಹಿಂದೆ ನಡೆಯುತ್ತದೆ. ಕೈಯಲ್ಲಿ ಎರಡು ಸಾಧನ: ಕಾಡುಮೃಗಕ್ಕೆ ದೊಣ್ಣೆ, ಕುರಿಯನ್ನು ದಾರಿಗೆ ತರಲು ಕೋಲು. ಕುರಿಗೆ ದಾರಿ ಗೊತ್ತಿಲ್ಲ. ದಾರಿ ಬಲ್ಲವನ ಗುರುತು ಮಾತ್ರ ಅದಕ್ಕುಂಟು.

ಈ ಮಾತು ನಮಗೇನು ಹೊಸದಲ್ಲ. ಸಿಂದಗಿ ಸೀಮೆಯ ಗೋಲಗೇರಿಯ ಗೊಲ್ಲಾಳ ಕುರಿ ಕಾಯುತ್ತಲೇ ಶರಣನಾದ. ಕುರಿಯ ಹಿಕ್ಕೆಯನ್ನೇ ಲಿಂಗವೆಂದು ನಂಬಿ ಪೂಜಿಸಿದನೆಂದು ಆತನ ಕಥೆ. ನಾವು ಶಿವನನ್ನು ಪಶುಪತಿ ಎನ್ನುತ್ತೇವೆ. ಪಶುವೆಂದರೆ ಪಾಶದಲ್ಲಿ ಸಿಕ್ಕ ಜೀವ, ಪತಿಯೆಂದರೆ ಅದರ ಒಡೆಯ. ಆದರೆ ನಮ್ಮ ಮಾತಿನಲ್ಲಿ ಕಟ್ಟು ಬಿಚ್ಚುವುದು ಮುಖ್ಯ, ದಾವೀದನ ಹಾಡಿನಲ್ಲಿ ಜೊತೆಗೆ ನಡೆಯುವುದು ಮುಖ್ಯ.

ಒಬ್ಬ ಭಕ್ತ ಕೇಳಿದ: “ಅಪ್ಪಾವರೇ, ಕುರುಬ ಕುರಿ ಸಾಕುವುದು ಕೊನೆಗೆ ಕಟುಕನಿಗೆ ಮಾರಲಿಕ್ಕಲ್ಲವೇ?” ಪ್ರಶ್ನೆ ಖರೆ. ಅಲ್ಲಿಯೂ ಕುರಿ ಕೊಯ್ಯುತ್ತಿದ್ದರು. ಯಾವ ಹೋಲಿಕೆಯೂ ಕಡೆತನಕ ನಡೆಯುವುದಿಲ್ಲ. ಅದಕ್ಕೇ ಯೇಸು ಅದನ್ನು ತಿರುವಿ ಹೇಳಿದ. ಯೋಹಾನನ ಗ್ರಂಥದ 10ನೆಯ ಅಧ್ಯಾಯ ನೋಡಿರಿ. ಕೂಲಿಯಾಳು ತೋಳ ಬಂದರೆ ಓಡುತ್ತಾನೆ, ಒಳ್ಳೆಯ ಕುರುಬ ಕುರಿಗಾಗಿ ತನ್ನ ಪ್ರಾಣ ಕೊಡುತ್ತಾನೆ. ಇಲ್ಲಿ ಸಾಯುವವನು ಕುರುಬ!

ಆ ಹಾಡಿನಲ್ಲಿ ಒಂದು ಸೂಕ್ಷ್ಮವಿದೆ. ಮೊದಲ ಮೂರು ನುಡಿಗಳಲ್ಲಿ, ಹಸಿರು ಹುಲ್ಲು, ತಿಳಿನೀರು ಇರುವಾಗ, ಭಕ್ತ ದೇವರನ್ನು ‘ಆತ’ ಎನ್ನುತ್ತಾನೆ. ನಾಲ್ಕನೆಯ ನುಡಿಯಲ್ಲಿ ಕತ್ತಲೆಯ ಕಣಿವೆ ಬರುತ್ತದೆ. ಬಂದೊಡನೆ ‘ಆತ’ ಹೋಗಿ ‘ನೀನು’ ಆಗುತ್ತದೆ! ಸುಖದಲ್ಲಿ ದೇವರ ವಿಷಯ ಮಾತಾಡುತ್ತಿದ್ದವನು ಸಂಕಟದಲ್ಲಿ ದೇವರೊಡನೆ ಮಾತಾಡುತ್ತಾನೆ. ಕಣಿವೆ ಇಲ್ಲದಂತೆ ಮಾಡೆಂದು ಆತ ಕೇಳಿಲ್ಲ. ಹಗೆಗಳೂ ಹೋಗಿಲ್ಲ, ಅವರ ಎದುರಿಗೇ ಎಡೆ ಬಡಿಸಲಾಗಿದೆ.

ಮಗನನ್ನು ಕಳೆದುಕೊಂಡ ತಾಯಿಯೊಬ್ಬಳು ಮಠಕ್ಕೆ ಬಂದು, “ಕಾಯುವವನಿದ್ದರೆ ನನ್ನ ಕೂಸನ್ನೇಕೆ ಕಾಯಲಿಲ್ಲ?” ಎಂದು ಅತ್ತಳು. ಏನು ಹೇಳಬೇಕು? ಈ ದಾವೀದನ ಕೂಸೂ ಸತ್ತಿತ್ತು. ಏಳು ದಿನ ಉಪವಾಸವಿದ್ದು, ನೆಲದ ಮೇಲೆ ಬಿದ್ದು ಬೇಡಿಕೊಂಡಿದ್ದ. ಕೂಸು ಉಳಿಯಲಿಲ್ಲ. ದಾವೀದನ ಪಾಪವೇ ಅದಕ್ಕೆ ಕಾರಣವೆಂದು ಗ್ರಂಥ ಹೇಳುತ್ತದೆ. ಆ ಮಾತನ್ನು ನಾನು ಆ ತಾಯಿಗೆ ಹೇಳಲಿಲ್ಲ, ನೊಂದವರ ಮುಂದೆ ಅದನ್ನು ಆಡಲೂಬಾರದು. ಮುಂದೆ ನಡೆದದ್ದನ್ನಷ್ಟೇ ಹೇಳಿದೆ. ಸುದ್ದಿ ತಿಳಿದ ದಾವೀದ ಎದ್ದ, ಸ್ನಾನ ಮಾಡಿದ, ಬಟ್ಟೆ ಬದಲಿಸಿ ದೇವರ ಮನೆಗೆ ಹೋಗಿ ಅಡ್ಡಬಿದ್ದ. ಬಂದು ಊಟ ಬಡಿಸಿರೆಂದು ಹೇಳಿ ಉಂಡ. ಸೇವಕರು ಬೆರಗಾದರು. ಕೂಸು ನನ್ನ ಬಳಿಗೆ ತಿರುಗಿ ಬರುವುದಿಲ್ಲ, ನಾನೇ ಅದರ ಬಳಿಗೆ ಹೋಗುವವನು ಎಂಬರ್ಥದ ಮಾತು ಹೇಳಿದ.

ಆ ತಾಯಿ ಬಹಳ ಹೊತ್ತು ಸುಮ್ಮನೆ ಕುಳಿತಿದ್ದಳು. ಆಮೇಲೆ ದಾಸೋಹದ ಮನೆಗೆ ಹೋಗಿ ಎರಡು ತುತ್ತು ಪ್ರಸಾದ ತೆಗೆದುಕೊಂಡಳು.