ಕರೆಯದೆ ಬಂದ ಲೈಬ್ರರಿಗಳು

2016ರ ಮಾರ್ಚ್ 22ರಂದು ಎಲ್ಲೆಲ್ಲೋ ನಡೆಯುತ್ತಿದ್ದ ಜಾವಾಸ್ಕ್ರಿಪ್ಟ್ ಬಿಲ್ಡ್‌ಗಳು ಇದ್ದಕ್ಕಿದ್ದಂತೆ ಒಡೆಯತೊಡಗಿದವು. ಕಾರಣ ಹುಡುಕಿದವರಿಗೆ ಸಿಕ್ಕಿದ್ದು ಲೆಫ್ಟ್-ಪ್ಯಾಡ್ ಎಂಬ 11 ಸಾಲಿನ ಪ್ಯಾಕೇಜು. ಪದವೊಂದರ ಎಡಕ್ಕೆ ಬೇಕಾದಷ್ಟು ಖಾಲಿ ಜಾಗವನ್ನೋ ಸೊನ್ನೆಯನ್ನೋ ತುಂಬುವುದು ಅದರ ಕೆಲಸ, ಅಷ್ಟೇ. ಅದನ್ನು ಬರೆದ ಅಝರ್ ಕೊಚುಲು ಅವರ 'ಕಿಕ್' ಎಂಬ ಇನ್ನೊಂದು ಪ್ಯಾಕೇಜಿನ ಹೆಸರನ್ನು ಜಾವಾಸ್ಕ್ರಿಪ್ಟ್ ಪ್ಯಾಕೇಜುಗಳ ಭಂಡಾರವಾದ ಎನ್‌ಪಿಎಂ ಅದೇ ಹೆಸರಿನ ಕಂಪನಿಗೆ ಕೊಟ್ಟಿತ್ತು. ಸಿಟ್ಟಿಗೆದ್ದ ಅವರು ತಮ್ಮ 270ಕ್ಕೂ ಹೆಚ್ಚು ಪ್ಯಾಕೇಜುಗಳನ್ನು ಒಂದೇ ಏಟಿಗೆ ಹಿಂತೆಗೆದುಕೊಂಡರು.

ತಮಾಷೆಯೆಂದರೆ, ತೊಂದರೆಗೆ ಸಿಕ್ಕವರಲ್ಲಿ ಹೆಚ್ಚಿನವರು ಲೆಫ್ಟ್-ಪ್ಯಾಡ್ ಹೆಸರನ್ನೇ ಕೇಳಿರಲಿಲ್ಲ. ಅವರು ಹಾಕಿಕೊಂಡಿದ್ದು ಬೇಬಲ್ ಎಂಬ ಟೂಲ್. ಬೇಬಲ್‌ನ ಒಂದು ಭಾಗಕ್ಕೆ ಲೈನ್-ನಂಬರ್ಸ್ ಬೇಕಿತ್ತು, ಲೈನ್-ನಂಬರ್ಸ್‌ಗೆ ಲೆಫ್ಟ್-ಪ್ಯಾಡ್ ಬೇಕಿತ್ತು. ಮದುವೆಗೆ ಒಬ್ಬರನ್ನು ಕರೆದರೆ ಅವರ ಷಡ್ಡಕನ ಮನೆಯವರೂ ಪಂಕ್ತಿಯಲ್ಲಿ ಕೂತ ಹಾಗೆ. ಡಿಪೆಂಡೆನ್ಸಿ ನಿರ್ವಹಣೆ ಎಂದು ನಾವು ಕರೆಯುವ ಕೆಲಸದಲ್ಲಿ ನಾವೇ ಆರಿಸಿಕೊಂಡ ಲೈಬ್ರರಿಗಳ ಪಾಲು ಸಣ್ಣದು. ತಲೆನೋವೆಲ್ಲ ಅವುಗಳ ಬೆನ್ನಿಗೆ ಬಂದವುಗಳದ್ದು.

ಜಾವಾದವರಿಗೆ ಈ ತಲೆನೋವು ಬೇರೆ ರೂಪದಲ್ಲಿ ಬರುತ್ತದೆ. ನಿಮ್ಮ ಪ್ರಾಜೆಕ್ಟ್‌ಗೆ ಬೇಕಾದ ಎರಡು ಲೈಬ್ರರಿಗಳು ಮೂರನೆಯದೊಂದರ ಬೇರೆ ಬೇರೆ ವರ್ಷನ್ ಕೇಳುತ್ತವೆ ಎಂದುಕೊಳ್ಳಿ. ಕ್ಲಾಸ್‌ಪಾತ್‌ನಲ್ಲಿ ಒಂದಕ್ಕಷ್ಟೇ ಜಾಗ. ಯಾವುದು ಉಳಿಯಬೇಕು? ಬಿಲ್ಡ್ ಟೂಲ್‌ಗಳಲ್ಲಿ ಗ್ರೇಡಲ್ ಸಾಮಾನ್ಯವಾಗಿ ಹೊಸದನ್ನು ಉಳಿಸಿಕೊಳ್ಳುತ್ತದೆ. ಮೇವನ್ ನೋಡುವುದು ಹೊಸದು-ಹಳೆಯದನ್ನಲ್ಲ, ಹತ್ತಿರ-ದೂರವನ್ನು: ನಿಮ್ಮ ಪ್ರಾಜೆಕ್ಟ್‌ನಿಂದ ಕಡಿಮೆ ಮೆಟ್ಟಿಲಿನಲ್ಲಿರುವುದು ಗೆಲ್ಲುತ್ತದೆ. ದೂರ ಸಮವಾದರೆ ಪಿಒಎಂ ಫೈಲ್‌ನಲ್ಲಿ ಮೊದಲು ಬರೆದ ಡಿಪೆಂಡೆನ್ಸಿಯ ಕಡೆಯದು. ಅಂದರೆ ಎರಡು ಡಿಪೆಂಡೆನ್ಸಿಗಳ ಸಾಲನ್ನು ಮೇಲೆ ಕೆಳಗೆ ಮಾಡಿದರೂ ಬೇರೆ ವರ್ಷನ್ ಬಂದು ಕೂರಬಹುದು! ಇದು ನನಗೆ ಯಾವತ್ತೂ ಒಪ್ಪಿಗೆಯಾಗದ ನಿಯಮ.

ಬಿಗ್ ಡೇಟಾ ಕೆಲಸ ಮಾಡಿದವರಿಗೆ ಗ್ವಾವಾ ಹೆಸರು ಕೇಳಿದರೇ ಮೈ ಉರಿಯುತ್ತದೆ. ಗೂಗಲ್‌ನ ಈ ಲೈಬ್ರರಿಯಲ್ಲಿ ಸ್ಟಾಪ್‌ವಾಚ್ ಎಂಬ ಪುಟ್ಟ ಕ್ಲಾಸ್ ಇದೆ. 17ನೇ ವರ್ಷನ್‌ನಲ್ಲಿ ಅದರ ಕನ್‌ಸ್ಟ್ರಕ್ಟರನ್ನು ಹೊರಗಿನವರು ಮುಟ್ಟದಂತೆ ಮುಚ್ಚಿದರು. ಬಿಗ್ ಡೇಟಾದವರು ಬಳಸುವ ಹಡೂಪ್ ಮಾತ್ರ 11.0.2 ವರ್ಷನ್ ಹಿಡಿದುಕೊಂಡು ವರ್ಷಗಟ್ಟಲೆ ಕೂತಿತ್ತು. ಆಗ ಹಡೂಪ್ ಜೊತೆ ಹೊಸ ಗ್ವಾವಾ ಸೇರಿಸಿದರೆ ಕೋಡ್ ತಕರಾರಿಲ್ಲದೆ ಕಂಪೈಲ್ ಆಗುತ್ತಿತ್ತು, ಬಿಲ್ಡ್ ಹಸಿರು ತೋರಿಸುತ್ತಿತ್ತು. ಜಾಬ್ ಓಡಿಸಿದಾಗಷ್ಟೇ 'ಇಲ್ಲೀಗಲ್ ಆಕ್ಸೆಸ್ ಎರರ್' ಎಂದು ಬೀಳುತ್ತಿತ್ತು. ಕಂಪೈಲರ್ ಪರಿಶೀಲಿಸುವುದು ನಿಮ್ಮ ಕೋಡನ್ನು. ಹಡೂಪ್ ಅದಾಗಲೇ ಕಂಪೈಲ್ ಆಗಿ ಜಾರ್ ಫೈಲ್‌ನೊಳಗೆ ಕುಳಿತಿರುತ್ತದೆ. ಅದರ ಹೊಂದಾಣಿಕೆ ಬಯಲಾಗುವುದು ಓಡುವಾಗಲೇ. ಆಗ 'ಎಂವಿಎನ್ ಡಿಪೆಂಡೆನ್ಸಿ ಟ್ರೀ' ಕಮಾಂಡ್ ಕೊಟ್ಟು, ಪರದೆ ತುಂಬ ಸುರಿಯುವ ಸಾಲುಗಳಲ್ಲಿ ಯಾರ ಬೆನ್ನಿಗೆ ಯಾರು ಬಂದರೆಂದು ಬೆರಳಿಟ್ಟು ಹುಡುಕಬೇಕು.

2021ರ ಡಿಸೆಂಬರ್‌ನಲ್ಲಿ ಲಾಗ್ ಬರೆಯುವ ಜಾವಾ ಲೈಬ್ರರಿ ಲಾಗ್4ಜೆಯ ಲೋಪ ಬಯಲಾದಾಗ ಇಡೀ ಉದ್ಯಮವೇ ಈ ಟ್ರೀ ಓದಲು ಕೂತಿತು. ಲಾಗ್ ಫೈಲ್‌ಗೆ ಬರೆಯುವ ಒಂದು ಸಾಲಿನ ಮೂಲಕ ಸರ್ವರನ್ನೇ ವಶಪಡಿಸಿಕೊಳ್ಳಬಹುದಾಗಿದ್ದ ಲೋಪವದು. ಗೂಗಲ್‌ನ ತಂಡವೊಂದು ಲೆಕ್ಕ ಹಾಕಿದಾಗ ಮೇವನ್ ಸೆಂಟ್ರಲ್‌ನ 35 ಸಾವಿರಕ್ಕೂ ಹೆಚ್ಚು ಪ್ಯಾಕೇಜುಗಳು ಇದರ ಸುಳಿಗೆ ಸಿಕ್ಕಿದ್ದವು. ಅವುಗಳಲ್ಲಿ ಶೇ 80ಕ್ಕಿಂತ ಹೆಚ್ಚಿನವಕ್ಕೆ ಲಾಗ್4ಜೆ ನೇರವಾಗಿ ಬಂದದ್ದಲ್ಲ, ಇನ್ನೊಬ್ಬರ ಮೂಲಕ ಬಂದದ್ದು. ಸರಿಪಡಿಸಿದ 2.15.0 ಬಂತು, ಸಾಲದೆ 2.16.0, ಮತ್ತೆ 2.17.0, ತಿಂಗಳು ಮುಗಿಯುವುದರೊಳಗೆ 2.17.1. ಆ ವರ್ಷಾಂತ್ಯದ ರಜೆ ಎಷ್ಟು ಜನರಿಗೆ ಸಿಕ್ಕಿತೋ! ನಮ್ಮ ದೇಶದ ಸೈಬರ್ ಭದ್ರತಾ ಸಂಸ್ಥೆ ಸಿಇಆರ್‌ಟಿ-ಇನ್ ಕೂಡ 2024ರ ಅಕ್ಟೋಬರ್‌ನಲ್ಲಿ, ಸಾಫ್ಟ್‌ವೇರ್‌ನೊಳಗೆ ಏನೇನಿದೆ ಎಂಬ ಪಟ್ಟಿ ಇಡುವ ಬಗ್ಗೆ ಮಾರ್ಗಸೂಚಿ ಹೊರಡಿಸಿತು.

ಹಾಗಿದ್ದರೆ ಸದಾ ಹೊಸ ವರ್ಷನ್ ಹಾಕಿಕೊಳ್ಳುವುದೇ ಕ್ಷೇಮವೇ? ಹಾಗೆ ನಂಬಿದವರಿಗೆ 2025ರ ಸೆಪ್ಟೆಂಬರ್ 8 ಪೆಟ್ಟು ಕೊಟ್ಟಿತು. ಎನ್‌ಪಿಎಂ ಹೆಸರಿನಲ್ಲಿ ಬಂದ ಸುಳ್ಳು ಇಮೇಲ್ ನಂಬಿದ ನಿರ್ವಾಹಕರೊಬ್ಬರ ಖಾತೆ ಕಳ್ಳರ ಪಾಲಾಯಿತು. ಚಾಕ್, ಡಿಬಗ್‌ನಂಥ, ವಾರಕ್ಕೆ ಕೋಟ್ಯಂತರ ಬಾರಿ ಡೌನ್‌ಲೋಡ್ ಆಗುವ ಪ್ಯಾಕೇಜುಗಳ ಹೊಸ ವರ್ಷನ್‌ಗಳಲ್ಲಿ ಕ್ರಿಪ್ಟೋ ಹಣ ಕದಿಯುವ ಕೋಡ್ ಸೇರಿಕೊಂಡಿತು. ಕೆಲವೇ ಗಂಟೆಗಳಲ್ಲಿ ಅವನ್ನು ಪತ್ತೆಹಚ್ಚಿ ತೆಗೆದುಹಾಕಿದರು. ಆ ಹೊತ್ತಿನಲ್ಲಿ ಲಾಕ್ ಫೈಲ್ ಪ್ರಕಾರವೇ ಬಿಲ್ಡ್ ಮಾಡುತ್ತಿದ್ದವರಿಗೆ ಬಂದದ್ದು ಹಳೆಯ ವರ್ಷನ್‌ಗಳೇ. ಒಂದೊಂದು ಪ್ಯಾಕೇಜಿನ ಖಚಿತ ವರ್ಷನ್ ಮತ್ತು ಹ್ಯಾಶ್ ಬರೆದಿಡುವ ಈ ಫೈಲ್ ಸಾವಿರಾರು ಸಾಲಿರುತ್ತದೆ, ಕೋಡ್ ರಿವ್ಯೂನಲ್ಲಿ ಯಾರೂ ಬಿಡಿಸಿ ನೋಡುವುದಿಲ್ಲ. ನನ್ನ ಕೇಳಿದರೆ ಮೊದಲು ನೋಡಬೇಕಾದದ್ದೇ ಅದನ್ನು. ಒಂದು ಸಾಲಿನ ಬದಲಾವಣೆಗೆ ಲಾಕ್ ಫೈಲ್‌ನಲ್ಲಿ 400 ಸಾಲು ಬದಲಾಗಿದ್ದರೆ ಯಾಕೆಂದು ಕೇಳಲೇಬೇಕು.

ಅದೇ ತಿಂಗಳು, ಎನ್‌ಪಿಎಂ ಪ್ಯಾಕೇಜುಗಳನ್ನು ಹಾಕಿಕೊಡುವ ಪಿಎನ್‌ಪಿಎಂ ಎಂಬ ಟೂಲ್ ಹೊಸ ಸೆಟ್ಟಿಂಗ್ ತಂದಿತು: ಹೊಸ ವರ್ಷನ್ ಪ್ರಕಟವಾಗಿ ಇಂತಿಷ್ಟು ನಿಮಿಷ ಕಳೆಯುವವರೆಗೆ ಅದನ್ನು ಮುಟ್ಟಬೇಡ ಎಂದು ಹೇಳಿಡಬಹುದು. 1440 ಎಂದು ಬರೆದರೆ ಒಂದು ದಿನ. ಚಾಕ್‌ನಂಥ ದಾಳಿಯಿಂದ ಪಾರಾಗಲು ಅಷ್ಟು ಸಾಕಿತ್ತು. ಆದರೆ ಲಾಗ್4ಜೆಯಂಥ ಲೋಪಕ್ಕೆ ತಿದ್ದುಪಡಿ ಬಂದ ದಿನ ಒಂದು ದಿನ ಕಾಯುವುದೂ ದುಬಾರಿ. ಅದಕ್ಕೆಂದೇ ವಿನಾಯಿತಿಯ ಪಟ್ಟಿಯೊಂದನ್ನು ಕೊಟ್ಟಿದ್ದಾರೆ. ಅದರಲ್ಲಿ ಯಾವ ಹೆಸರು ಬರೆಯಬೇಕು, ಯಾವಾಗ ಅಳಿಸಬೇಕು ಎಂಬುದನ್ನು ಯಾವ ಟೂಲೂ ಹೇಳಿಕೊಡುವುದಿಲ್ಲ.